ಅರವತ್ತೆರಡು ಬೀಗ, ಬಾಗಿಲಿಗೆ ಮೂರು ನಂಬರು

ಬೆಳಗಿನ ಆರು ಗಂಟೆ. ಕಾಲೇಜಿನ ಕಾರಿಡಾರಿನಲ್ಲಿ ದೀಪ ಇನ್ನೂ ಹತ್ತಿಲ್ಲ. ಎಲ್ಲರೂ ಬೀಗದಕ್ಕ ಎಂದೇ ಕರೆಯುವ ಆಕೆ ಗೊಂಚಲಿನಿಂದ ಒಂದು ಕೀಲಿಕೈ ಹಿಡಿದು, ಅದರ ತಲೆಯನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಅಂಚಿನಲ್ಲಿ ಅರದಿಂದ ಕೊರೆದ ಎರಡು ಗೀರು.

"ಇದು ರಸಾಯನಶಾಸ್ತ್ರದ್ದು" ಎಂದವರು ತಕ್ಷಣ ಅನುಮಾನಕ್ಕೆ ಬೀಳುತ್ತಾರೆ. "ಅಲ್ವೇನೋ. ಅದು ಮಹಡಿಗೆ ಹೋಯ್ತಲ್ಲ. ಇಲ್ಲೀಗ ಕಂಪ್ಯೂಟರು."

ಕೈಗೆ ಮಾತ್ರ ಗೊಂದಲವಿಲ್ಲ. ಬೀಗ ತೆರೆದುಕೊಳ್ಳುತ್ತದೆ.

ಇಂಥ ಅರವತ್ತೆರಡು ಬಾಗಿಲು ಎಂಟು ಗಂಟೆಯೊಳಗೆ ತೆರೆಯಬೇಕು. ಮೂವತ್ತೊಂದು ವರ್ಷಗಳಿಂದ ಅವರದ್ದು ಇದೇ ಕೆಲಸ. ಅದಕ್ಕೂ ಮೊದಲು ಅಪ್ಪನದು. ಗೀರುಗಳು ಕತ್ತಲಲ್ಲೂ ಕೀಲಿಯ ಗುರುತು ಸಿಗಲೆಂದು ಅಪ್ಪ ಕೊರೆದವೇ. ಹಿತ್ತಲ ಕಡೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿದ ಬೀಗದಕ್ಕ ಅಂಬೆಗಾಲಿಟ್ಟಿದ್ದು ಈ ಕಾರಿಡಾರಿನಲ್ಲಿ, ಅಕ್ಷರ ತಿದ್ದಿದ್ದು ಮೇಷ್ಟ್ರುಗಳು ಅಳಿಸದೆ ಬಿಟ್ಟ ಕರಿಹಲಗೆಗಳ ಮೇಲೆ. "ಎಂಟನೇ ಕ್ಲಾಸಿಗೆ ಓದು ಬಿಡಿಸಿದ್ರು. ಕಾಲೇಜು ಮಾತ್ರ ಬಿಟ್ಟಿಲ್ಲ ನೋಡಿ!" ಇಲ್ಲೇ ಮೂರು ವರ್ಷ ಓದಿದ ನಾನು ಅವರನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ.

ಶನಿವಾರ ಅವರಿಗೆ ನಿವೃತ್ತಿ. ಅಷ್ಟರಲ್ಲಿ ಪ್ರತಿ ಕೀಲಿಗೂ ಯಾವ ರೂಮಿನದೆಂದು ಬರೆದ ಚೀಟಿ ಕಟ್ಟಿಕೊಡಬೇಕು. ಇಲ್ಲದಿದ್ದರೆ ಬೀಗಗಳನ್ನೆಲ್ಲ ಬದಲಾಯಿಸಿ, ಹಳೆಯ ಕೀಲಿಗಳನ್ನು ಗುಜರಿಗೆ ಹಾಕುವುದಾಗಿ ಕಚೇರಿ ಹೇಳಿದೆ. ಅಪ್ಪನ ಗೀರುಗಳೂ ಗುಜರಿಗೇ.

ಬರೆಯಲು ಕೂತರೆ ತಲೆ ಗಿರ್ರೆನ್ನುತ್ತದೆ. "ಇದೇ ರೂಮು ತಗೊಳ್ಳಿ. ಬಾಗಿಲ ಮೇಲೆ ಬಿ-ನಾಲ್ಕು. ಟೈಮ್‌ಟೇಬಲ್ಲಲ್ಲಿ ಇಪ್ಪತ್ತು. ಮೇಷ್ಟ್ರುಗಳ ಬಾಯಲ್ಲಿ ಇನ್ನೂ ಹನ್ನೆರಡು. ಯಾವ್ದು ಬರೀಲಿ, ನೀವೇ ಹೇಳಿ?"

ಕೊನೆಗೆ ತಮಗೆ ಗೊತ್ತಿರುವುದನ್ನೇ ಬರೆದಿದ್ದಾರೆ. ಚೀಟಿಗಳನ್ನು ಓದಿದ ಕಚೇರಿಯ ಗುಮಾಸ್ತರು ತಬ್ಬಿಬ್ಬು.

"ಅಕ್ಕಾ, 'ಎತ್ತಿ ತಳ್ಳು' ಅಂದ್ರೆ ಯಾವ ರೂಮು?"

"ಎತ್ತದೆ ತಳ್ಳಿದ್ರೆ ತೆರೆಯಲ್ವಲ್ಲಪ್ಪ, ಅದು."

"ಈ 'ಕಪ್ಪೆ ರೂಮು'?"

"ಮೊದ್ಲು ಅಲ್ಲಿ ಕಪ್ಪೆ ಕೊಯ್ತಿದ್ರು. ಈಗ ಪ್ರಿನ್ಸಿಪಾಲರು ಕೂರ್ತಾರೆ."

ಗುಮಾಸ್ತರು ನಕ್ಕು ಪೆನ್ನು ತೆಗೆಯುತ್ತಾರೆ. ಒಂದೊಂದೇ ಬಾಗಿಲಿಗೆ ಅಕ್ಕನ ಹಿಂದೆ ನಡೆದು, ಚೀಟಿಯ ಬೆನ್ನಿಗೆ ಬಾಗಿಲ ಮೇಲಿನ ನಂಬರು ಬರೆದುಕೊಳ್ಳುತ್ತಾರೆ. ಅರವತ್ತೆರಡೂ ಮುಗಿಯುವಷ್ಟರಲ್ಲಿ ಹತ್ತೂವರೆ. ಆಗ ಅಕ್ಕ ಗುಮಾಸ್ತರ ಕಣ್ಣು ಮುಚ್ಚಿಸಿ, ಅಂಗೈಗೆ ಗೊಂಚಲಿನ ಒಂದು ಕೀಲಿ ಇಡುತ್ತಾರೆ.

ಗುಮಾಸ್ತರು ಸವರಿ ನೋಡುತ್ತಾರೆ. "ಎರಡು ಗೀರು... ಕಂಪ್ಯೂಟರು?"

"ತಪ್ಪು. ರಸಾಯನಶಾಸ್ತ್ರ" ಎಂದ ಅಕ್ಕ ತಡೆಯುತ್ತಾರೆ. "ಅಯ್ಯೋ, ಅಲ್ಲಲ್ಲ. ನೀನು ಹೇಳಿದ್ದೇ ಸರಿ." ಕಂಪ್ಯೂಟರು ರೂಮಿನ ಬಾಗಿಲನ್ನೊಮ್ಮೆ ನೋಡಿ, ಗೊಂಚಲನ್ನು ಅವರ ಕೈಯಲ್ಲೇ ಬಿಡುತ್ತಾರೆ. "ಬೀಗ ಬದಲಾಯಿಸೋದು ಬೇಡ ಅಂತ ಬರೆದುಹಾಕಪ್ಪ. ಅಪ್ಪನ ಗೀರು ಈಗ ನಿನಗೂ ಓದೋಕೆ ಬಂತಲ್ಲ."