ಯುಗಾದಿಯ ಹಿಂದಿನ ದಿನ ಚಿಕ್ಕಪ್ಪನ ಬಸ್ಸು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಧುಗಿರಿ–ಪಾವಗಡ ದಾರಿಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದೆ. ನಮ್ಮ ಮನೆ ಇದ್ದದ್ದು ತೋವಿನಕೆರೆಯ ಹತ್ತಿರ. ಮಧುಗಿರಿ ದಾಟಿ ಕೊರಟಗೆರೆಗೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ ಊರು ಸೇರುವಷ್ಟರಲ್ಲಿ ಮಾಮೂಲಿ ದಿನಗಳಲ್ಲೇ ಸಂಜೆಯಾಗುತ್ತಿತ್ತು. ಯುಗಾದಿ ಬಂತೆಂದರೆ ಕೂಲಿಗೆ ಹೋದವರು, ನೌಕರಿಯವರು ಎಲ್ಲರೂ ಒಟ್ಟಿಗೇ ಊರಿಗೆ ಹೊರಡುತ್ತಿದ್ದರು. ಬಸ್ಸಿನ ಟಾಪಿನ ಮೇಲೂ ಜಾಗ ಇರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಮಾತ್ರ ನನಗೆ ಆ ಯೋಚನೆ ಇರಲಿಲ್ಲ. ಅಪ್ಪನ ತಮ್ಮ ಪಾವಗಡದಿಂದ ತುಮಕೂರಿಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಸೇರಿದ್ದ. ಹೆಣ್ಣುಮಗಳನ್ನು ಅಷ್ಟು ದೂರ ಕೆಲಸಕ್ಕೆ ಕಳಿಸುವುದಿಲ್ಲವೆಂದು ಅಪ್ಪ ಹಟ ಹಿಡಿದಾಗ, "ನನ್ನ ಗಾಡಿ ದಿನಾ ಅವಳ ಇಸ್ಕೂಲ್ ಮುಂದ್ಲಿಂದ್ಲೇ ಓಡಾಡ್ತೈತೆ, ನಾನ್ ನೋಡ್ಕತೀನಿ ಬುಡಣ್ಣ" ಎಂದು ಒಪ್ಪಿಸಿದವನು ಅವನೇ. ಹಬ್ಬಕ್ಕೆ ಒಂದು ವಾರ ಇರುವಾಗ ನಮ್ಮ ಸ್ಟಾಪಿನಲ್ಲಿ ಇಳಿದು ಬಂದು ಹೇಳಿದ್ದ: "ಅಮಾಸೆ ದಿನ ಬೆಳಿಗ್ಗೆ ಇಲ್ಲೇ ನಿಂತಿರು. ಡ್ರೈವರ್ ಹಿಂದಿನ ಸೀಟು ನಿಂದೇ ಕಣವ್ವ. ಬ್ಯಾರೆ ಗಾಡಿ ಹತ್ತಕ್ಕೆ ಹೋಗ್ಬ್ಯಾಡ."

ಹಾಗಾಗಿ ಒಂದು ದಿನ ಮೊದಲೇ ಹೊರಟ ಟೀಚರುಗಳ ಜೊತೆ ನಾನು ಹೋಗಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಮೊದಲು ಬಂದ ಬಸ್ಸಿನವನು "ಒಬ್ರಿಗಾದ್ರೆ ಜಾಗ ಮಾಡ್ತೀನಿ, ಬಾರಮ್ಮ" ಎಂದು ಕರೆದ. ನಮ್ಮ ಚಿಕ್ಕಪ್ಪನ ಗಾಡಿ ಬರುತ್ತದೆ ಎಂದು ಜಂಬದಿಂದಲೇ ಹೇಳಿ ಕಳಿಸಿದೆ.

ಹತ್ತು ಗಂಟೆಯ ಸುಮಾರಿಗೆ ಚಿಕ್ಕಪ್ಪನ ಬಸ್ಸು ಒಂದು ಕಡೆಗೆ ವಾಲಿಕೊಂಡು ಬಂತು. ನಾನು ಬ್ಯಾಗು ಎತ್ತಿಕೊಂಡು ಮುಂದೆ ಹೋದೆ. ಡ್ರೈವರ್ ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬರು ಕೂತಿದ್ದರು, ಪಕ್ಕದಲ್ಲಿ ಎರಡು ಮಕ್ಕಳು. ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. ನನ್ನ ಮುಖ ನೋಡಿದ. ಆಮೇಲೆ, ಗುರುತಿಲ್ಲದ ಯಾರಿಗೋ ಹೇಳುವ ಹಾಗೆ, "ಜಾಗ ಇಲ್ಲಮ್ಮ. ಹಿಂದೆ ಇನ್ನೊಂದ್ ಗಾಡಿ ಬತ್ತೈತೆ, ಅದ್ರಲ್ಲಿ ಬಾ" ಎಂದು ಸೀಟಿ ಊದಿದ. "ಚಿಕ್ಕಪ್ಪ" ಎಂದು ಕೂಗಿದೆ. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ನೋಡಲಿಲ್ಲ.

ಅಷ್ಟಾದರೂ ಆ ಇನ್ನೊಂದು ಗಾಡಿಯನ್ನು ನಂಬಿಕೊಂಡು ಮಧ್ಯಾಹ್ನದವರೆಗೆ ನಿಂತೆ. ಎರಡು ಬಸ್ಸು ಬಂದವು, ಎರಡೂ ನಿಲ್ಲಲಿಲ್ಲ. ಕೊನೆಗೆ, ಅಲ್ಲೇ ಬಸ್ಸಿಗೆ ಕಾದಿದ್ದ ಕುರಿ ಕಾಯುವ ಗಂಡ ಹೆಂಡತಿ ಮಧುಗಿರಿಯ ಮಗಳ ಮನೆಗೆ ಹೋಗಲು ಹುಣಸೆಹಣ್ಣಿನ ಲಾರಿಯೊಂದಕ್ಕೆ ಕೈ ಅಡ್ಡ ಹಾಕಿದರು. ಆ ಹೆಂಗಸು ಹತ್ತಿ ಕೂತವಳು ನನ್ನ ಕಡೆ ಕೈ ಚಾಚಿ, ತೆಲುಗು ಬೆರೆತ ಕನ್ನಡದಲ್ಲಿ ಕರೆದಳು. "ಒಬ್ಳೇ ಏನ್ ಮಾಡ್ತೀಯ ತಲ್ಲೀ, ರಾ, ನಮ್ ಜೊತೆ ಕೂತ್ಕ."

ಮೂಟೆಗಳ ಮೇಲೆ ಕೂತು ಅವಳಿಗೆ ನಡೆದದ್ದನ್ನು ಹೇಳಿದೆ. "ಜನದ ನುಗ್ಗಾಟದಾಗೆ ಗುರ್ತು ಸಿಕ್ಕಿರಾಕಿಲ್ಲ ಬುಡು" ಎಂದಳು. ಹಾಗೇ ಇರಬೇಕು ಎಂದುಕೊಳ್ಳಲು ನಾನೂ ದಾರಿಯುದ್ದಕ್ಕೂ ಪ್ರಯತ್ನಪಟ್ಟೆ.

ಮಧುಗಿರಿ ಸೇರಿದಾಗ ಹೊತ್ತು ಮುಳುಗಿತ್ತು. ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಕೊರಟಗೆರೆಯ ಕಡೆಗೆ ಬಸ್ಸೂ ಇರಲಿಲ್ಲ. ಬೆಟ್ಟದ ಬುಡದಲ್ಲಿದ್ದ ತನ್ನ ಮಗಳ ಮನೆಗೇ ಆ ಹೆಂಗಸು ನನ್ನನ್ನೂ ಕರೆದುಕೊಂಡು ಹೋದಳು. ಹಬ್ಬದ ಬೆಳಿಗ್ಗೆ ಎಣ್ಣೆ ನೀರಿಗೆ ಮೊದಲು ನನ್ನನ್ನೇ ಕೂರಿಸಿದರು. ಬೇವುಬೆಲ್ಲ ಬಾಯಿಗೆ ಇಟ್ಟುಕೊಂಡಾಗ ನನಗೆ ಅಳು ತಡೆಯಲಾಗಲಿಲ್ಲ.

ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಒಳಗೆ ಊಟ ನಡೆಯುತ್ತಿತ್ತು. ಅಮ್ಮ ಓಡಿಬಂದು ನನ್ನ ತೋಳು ಹಿಡಿದು ಬೈದಳು. "ಎಲ್ಲವ್ವ ಹೋಗಿದ್ದೆ? ಸ್ಟಾಪಿಗೇ ಬರ್ಲಿಲ್ವಂತೆ. ನಿನಗೋಸ್ಕರ ಮೂರು ಸಲ ಹಾರನ್ ಹೊಡಿಸಿ ಕಾದ್ನಂತಲ್ಲ ನಿಮ್ಮ ಚಿಕ್ಕಪ್ಪ."

ಚಿಕ್ಕಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

"ಹಿಂದೆ ಇನ್ನೊಂದು ಗಾಡಿ ಬತ್ತೈತೆ ಅಂತ ನೀನೇ ಅಂದ್ಯಲ್ಲ ಚಿಕ್ಕಪ್ಪ" ಎಂದೆ.

ಅವನು ಎಲೆಯಿಂದ ತಲೆ ಎತ್ತಲಿಲ್ಲ. "ಯಾವ್ದೋ ಬ್ಯಾರೆ ಬಸ್ಸು ನೋಡವ್ಳೆ ಕಣತ್ತಿಗೆ. ಬಿಸ್ಲಲ್ಲಿ ನಿಂತು ತಲೆ ತಿರುಗಿರ್ಬೇಕು."

ನಾನು ಅಪ್ಪನ ಕಡೆ ನೋಡಿದೆ. ನಾನು ಸುಳ್ಳು ಹೇಳುವವಳಲ್ಲವೆಂದು ಅವನಿಗೆ ಗೊತ್ತಿತ್ತು. ತಮ್ಮನ ಮುಖವನ್ನೂ ಒಂದು ಗಳಿಗೆ ನೋಡಿದ, ಅದನ್ನು ನಾನು ಕಂಡೆ. ಆಮೇಲೆ, "ಹಬ್ಬದ ದಿನ ಯಾಕೆ ಮಾತು. ಕೈಕಾಲು ತೊಳ್ಕೊಂಡು ಊಟಕ್ಕೆ ಕೂತ್ಕ" ಎಂದ.

ಆ ಸೀಟಿನಲ್ಲಿದ್ದವರು ಬಸ್ ಮಾಲೀಕರ ಕಡೆಯ ನೆಂಟರೆಂದು ಡ್ರೈವರ್ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಚಿಕ್ಕಪ್ಪ ಅಷ್ಟನ್ನು ಅಲ್ಲೇ ಹೇಳಿದ್ದರೆ ನಾನು ಎಂಜಿನ್ ಪಕ್ಕ ಮುದುರಿ ಕೂತಾದರೂ ಬರುತ್ತಿದ್ದೆ. ಕೆಲಸ ಕಳೆದುಕೊಳ್ಳುವ ಭಯ ನನಗೂ ಅರ್ಥವಾಗುತ್ತದೆ. ಮನೆಯವರೆಲ್ಲರ ಮುಂದೆ ನನ್ನನ್ನು ಸುಳ್ಳಿಯನ್ನಾಗಿ ಮಾಡಿದ್ದು ಮಾತ್ರ ಇವತ್ತಿಗೂ ಅರ್ಥವಾಗಿಲ್ಲ.

ಮಾರನೆಯ ದಿನ, ಹೊಸತೊಡಕಿಗೆ, ಅವನು ಎಂದಿನಂತೆ ನಗಿಸುತ್ತ ಓಡಾಡಿದ. ವಾಪಸು ಹೋಗುವಾಗ ಸೀಟು ಹಿಡಿದಿಡುತ್ತೇನೆ ಎಂದ. ನಾನು ಒಂದು ದಿನ ಮೊದಲೇ ಹೊರಟೆ. "ಚಿಕ್ಕಪ್ಪನ ಗಾಡಿ ಇರುವಾಗ ಯಾಕೆ ಈ ಅವಸರ" ಎಂದು ಅಮ್ಮ ಕೇಳಿದಳು. ಶಾಲೆಯಲ್ಲಿ ಕೆಲಸವಿದೆ ಎಂದೆ. ಕೊರಟಗೆರೆಯಿಂದ ನನ್ನ ಶಾಲೆಯ ಹಳ್ಳಿಯವರೆಗೆ, ಯಾರದೋ ಬುಟ್ಟಿ ಮೊಣಕಾಲಿಗೆ ಒತ್ತುತ್ತಿರಲು, ನಿಂತೇ ಬಂದೆ.