ಎಡಕ್ಕೆ ಬೀಳುವ ಪಿಸ್ತೂಲು

ನಾನು ಒಂದು ಕಡೆ ಕೂತವನಲ್ಲ. ಕೊಟ್ಟೂರಿನ ಶೇಂಗಾ ವ್ಯಾಪಾರವನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡಂತಾಗಿತ್ತು. ಬೆಳಿಗ್ಗೆ ಹರಪನಹಳ್ಳಿ, ಮಧ್ಯಾಹ್ನ ಕೂಡ್ಲಿಗಿ, ಕೆಲಸವೇನೂ ಇಲ್ಲ. ಕ್ಯಾಮೆರಾ ಕೊಂಡೆ, ಮಾರಿದೆ. ಜೇನುಪೆಟ್ಟಿಗೆ ತಂದೆ, ಹುಳಗಳು ನನಗಿಂತ ಮೊದಲೇ ಬೇಸತ್ತು ಹೋದವು. ಆಮೇಲೆ ಹಾರ್ಮೋನಿಯಂ. ಎಲ್ಲದಕ್ಕೂ ಹೆಂಡತಿ ಜೊತೆಗೆ ಬರುತ್ತಿದ್ದಳು. ಹಾರ್ಮೋನಿಯಂ ಅನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು ಕೂಡ. ಅವಳನ್ನು ಒಂದು ಮಾತು ಕೇಳದೆ ಅದನ್ನೂ ಮಾರಿದೆ. ಆವತ್ತಿನಿಂದ ಅವಳು ನನ್ನ ಜೊತೆ ಎಲ್ಲಿಗೂ ಬರುವುದನ್ನು ಬಿಟ್ಟಳು. ಜಗಳವಾಡಿದ್ದರೆ ಚೆನ್ನಾಗಿತ್ತು, ಆಡಲಿಲ್ಲ.

ಅಷ್ಟರಲ್ಲಿ ನನಗೆ ಪಿಸ್ತೂಲಿನ ಹುಚ್ಚು ಹಿಡಿಯಿತು. ಊರ ಹೊರಗಿನ ಹಳೇ ಹತ್ತಿ ಗೋದಾಮಿನಲ್ಲಿ ಕಾನಹೊಸಹಳ್ಳಿ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಗಾಳಿಯ ಒತ್ತಡಕ್ಕೆ ಸೀಸದ ಸಣ್ಣ ಗುಂಡು ಹಾರಿಸುವ ಏರ್ ಪಿಸ್ತೂಲು, ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ. ಅವರ ಬಳಿ ಮಾರಾಟಕ್ಕೆ ಎರಡಿದ್ದವು.

"ನೀನೂ ಬಾ, ನೋಡಿ ತಗಳ್ಳಾನ. ಇದನ್ನ ಮಾರಂಗಿಲ್ಲ" ಎಂದೆ ಹೆಂಡತಿಗೆ.

ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಅಷ್ಟಕ್ಕೇ ನನಗೆ ಕುಣಿಯುವಷ್ಟು ಖುಷಿಯಾಯಿತು.

ಒಂದು ಪಿಸ್ತೂಲು ಹೊಸದು, ಮಿರಿಮಿರಿ ಮಿಂಚುತ್ತಿತ್ತು. ಇನ್ನೊಂದರ ಹಿಡಿ ಸವೆದಿತ್ತು. ಹವಾಲ್ದಾರರು ಮರಳಿನ ಚೀಲದ ಮೇಲೆ ಕೈಯೂರಿ ಕೂತರು.

"ಕೈ ಅಲುಗಿದ್ರ ತಪ್ಪು ಕೈದೋ, ಪಿಸ್ತೂಲಿಂದೋ ತಿಳಿಯಂಗಿಲ್ರಿ."

ಹೊಸದರ ಮೊದಲ ಗುಂಡೇ ಗುರಿಯ ನಟ್ಟನಡುವೆ ಬಿತ್ತು.

"ಸಾಕ್ರಿ, ಇದನ್ನ ಕೊಡ್ರಿ!" ಎಂದು ಎದ್ದೇಬಿಟ್ಟೆ. ಮೂವತ್ತು ವರ್ಷ ಒಂದೇ ಒಂದು ಶೇಂಗಾಕಾಯಿ ಒಡೆದು, ಬೀಜ ಬಾಯಿಗೆಸೆದು ಇಡೀ ಚೀಲಕ್ಕೆ ಬೆಲೆ ಕಟ್ಟಿದವನು ನಾನು.

"ತಡೀರಿ ಸಾಹುಕಾರ್ರ, ಇನ್ನಾ ನಾಕು ಅದಾವ."

ಉಳಿದ ನಾಲ್ಕರಲ್ಲಿ ಒಂದು ಮೇಲೆ, ಒಂದು ಬಲಕ್ಕೆ, ಎರಡು ಎಲ್ಲೋ ಕೆಳಗೆ. ಹಳೆಯದರ ಐದೂ ಗುಂಡು ಎಡಕ್ಕೆ, ಒಂದರ ಮೇಲೊಂದು ಬಿದ್ದು ಒಂದೇ ತೂತು ಮಾಡಿದ್ದವು. "ನಡುವಿಗೆ ಒಂದೂ ಬರ್ಲಿಲ್ಲ" ಎಂದು ನಾನು ನಕ್ಕೆ.

ಹೆಂಡತಿ ಎರಡೂ ಕಾಗದಗಳನ್ನು ಬೆಳಕಿಗೆ ಹಿಡಿದಳು.

"ಅಂಗಡಿ ತಕ್ಕಡಿ ಒಂದ್ ಕಡಿ ವಾಲಿದ್ರ ಏನ್ ಮಾಡ್ತಿದ್ರಿ?"

"ಇನ್ನೊಂದ್ ಕಡಿ ಪಾಸಂಗದ ಕಲ್ಲು ಕಟ್ಟಿ ಸಮ ಮಾಡ್ತಿದ್ದೆ."

"ದಿನಾ ಒಂದ ಕಡಿ ವಾಲ್ತಿತ್ತು, ಅದಕ್ಕ ಕಟ್ಟಾಕ ಬಂತು. ದಿನಕ್ಕೊಂದ್ ಕಡಿ ವಾಲೋದಕ್ಕ ಎಲ್ಲಿ ಕಟ್ಟಬೇಕ್ರಿ?" ಆಮೇಲೆ ನನ್ನ ಕಡೆ ನೋಡದೆ, ಮೆಲ್ಲಗೆ, "ಮನ್ಯಾಗೂ ಆ ಕಲ್ಲು ಎಲ್ಲಿ ಕಟ್ಟಬೇಕಂತ ನಾನು ಹುಡುಕಾಕತ್ತೀನಿ" ಎಂದಳು.

ಹವಾಲ್ದಾರರು ಬೇರೆ ಕಡೆ ನೋಡಿದರು. ನನಗೆ ನಾಚಿಕೆಯಾಯಿತು. ಹಳೆಯದನ್ನೇ ಕೊಡಿ ಎಂದೆ. ಅವರು ಅದರ ಹಿಂಬದಿಯಲ್ಲಿದ್ದ, ಗುರಿ ಸರಿಪಡಿಸುವ ಸ್ಕ್ರೂ ಒಂದಿಷ್ಟು ತಿರುಗಿಸಿ ಮತ್ತೆ ಹೊಡೆದರು. ಈ ಸಲ ಗುಂಡು ನಡುವಿಗೇ ಹೋಯಿತು.

ಈಗ ನನ್ನ ಸರದಿ. ಮರಳಿನ ಚೀಲದ ಆಸರೆಯಿಲ್ಲದೆ, ನಿಂತು, ಒಂಟಿ ಕೈಯಲ್ಲಿ ಐದು ಹೊಡೆದೆ. ನಾಲ್ಕು ನಾಲ್ಕು ದಿಕ್ಕಿಗೆ ಹೋದವು, ಒಂದು ಕಾಗದಕ್ಕೇ ತಾಗಲಿಲ್ಲ. ಮೈಯೆಲ್ಲ ಉರಿಯಿತು. ಮೂಲೆಯಲ್ಲಿ ಆ ಹೊಸ ಪಿಸ್ತೂಲು ಇನ್ನೂ ಮಿಂಚುತ್ತಿತ್ತು. ಬದಲಾಯಿಸಿ ಕೊಡುತ್ತೀರಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಮುಂದಿನ ಐತಾರ ಬರ್ತೀಯೇನ?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ನನ್ನ ತೂತುಬಿದ್ದ ಕಾಗದವನ್ನು ಮಡಿಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

"ನೀವು ಬಂದ್ರ ಬರ್ತೀನ್ರಿ."