ಸುಬೇದಾರರ ಓರೆ ಕುರ್ಚಿ

ಗೆಳೆಯರೇ, ತೀರಿಹೋದ ನಮ್ಮ ಸುಬೇದಾರರ ನೆನಪಿಗೆ ಇವತ್ತು ಡೊಂಬಿವಲಿಯಲ್ಲಿ ಗಾಯನ ಇಟ್ಟುಕೊಂಡಿದ್ದೆವು. ಯುದ್ಧದಲ್ಲಿ ತೋಪಿನ ಸದ್ದಿಗೆ ಎಡಗಿವಿ ಕಳೆದುಕೊಂಡು ಬಂದವರು, ಉಳಿದ ಕಿವಿಯನ್ನು ಇಲ್ಲಿನ ಹೊಸ ಗಾಯಕರಿಗೇ ಕೊಟ್ಟುಬಿಟ್ಟಿದ್ದರು. ಹಾಲ್ ಹಿಡಿಯುವುದು, ಜನ ಸೇರಿಸುವುದು ಎಲ್ಲ ಅವರೇ.

ಸೊಸೈಟಿ ಸೆಕ್ರೆಟರಿ ಅವರ ಫೋಟೋವನ್ನು ಮುಂದಿನ ಸಾಲಿನ ತುದಿಯ ಕುರ್ಚಿಯ ಮೇಲೆ, ವೇದಿಕೆಗೆ ನೇರವಾಗಿ ಇಟ್ಟರು. ಸುಬೇದಾರರ ಹೆಂಡತಿ, ನಮ್ಮೆಲ್ಲರ ಕಾಕು, ಎದ್ದು ಬಂದು ಕುರ್ಚಿಯನ್ನು ನಮ್ಮ ಕಡೆಗೆ ಓರೆ ಮಾಡಿದರು.

"ಕಾಕು, ಛಂದ ಕಾಣೂದಿಲ್ರೀ," ಅಂದರು ಸೆಕ್ರೆಟರಿ.

"ಅವರು ಕೂಡತಿದ್ದದ್ದೇ ಹಿಂಗ. ಬಲಗಿವಿ ಹಾಡಿನ ಕಡೆ, ಕಣ್ಣು ನಿಮ್ಮ ಕಡೆ. ನಡುವ ಯಾರರ ಎದ್ದು ಹೋದ್ರ ಗೊತ್ತಾಗಬೇಕಲ್ಲ!"

ಹಾಡುವವಳು ಪಕ್ಕದ ದಿವಾ ಊರಿನ ಹುಡುಗಿ, ಅವಳ ಮೊದಲ ಕಾರ್ಯಕ್ರಮ. ಮೊದಲ ರಾಗ ಅರ್ಧಕ್ಕೂ ಬಂದಿರಲಿಲ್ಲ, ಹೊರಗಿನಿಂದ ಬಟಾಟೆವಡೆಯ ವಾಸನೆ ಬಂತು. ನಾವು ಬಾಗಿಲ ಕಡೆ ತಿರುಗಿದ್ದು ನೋಡಿ ಹುಡುಗಿ ಅಳುಕಿದಳು. ಮೊದಲು ಎದ್ದವರು ಸೆಕ್ರೆಟರಿಯೇ. ಫೋಟೋ ಕಣ್ಣಿಗೆ ಬಿತ್ತು. ಜೋಮು ಹಿಡಿದವರಂತೆ ಕಾಲು ತಿಕ್ಕಿಕೊಂಡು ಮತ್ತೆ ಕೂತರು. ಆಮೇಲೆ ಒಬ್ಬರೂ ಏಳಲಿಲ್ಲ. ಹುಡುಗಿಗೆ ಧೈರ್ಯ ಬಂದು ಇನ್ನೂ ಎರಡು ರಾಗ ಹಾಡಿದಳು.

ಛಲೋ ಹಾಡಿದಳು, ಸುಳ್ಳು ಹೇಳಬಾರದು. ಆದರೆ ನನಗೆ ಮೊದಲ ರಾಗದಲ್ಲೇ ಬಾತ್‌ರೂಮಿಗೆ ಹೋಗಬೇಕಾಗಿತ್ತು. ಸುಬೇದಾರರು ಹೋದ ಮೇಲೂ ರಜೆ ಮಂಜೂರಾಗಲಿಲ್ಲ ನೋಡಿ.